ಸಿಮ್ ತೆಗೆಯಬೇಡಿ, ಬಾ

ಬೆಳಿಗ್ಗೆ ತುಳಸಿಗೆ ನೀರು ಹಾಕಲು ಹೋದರೆ ಕಾಂಪೌಂಡ್ ಗೋಡೆಯ ಮೇಲೆ ಒಂದು ಸ್ಟೀಲ್ ಡಬ್ಬಿ ಕೂತಿತ್ತು. ಮುಚ್ಚಳ ತೆಗೆದೆ: ಮೇಥಿ ಥೇಪ್ಲಾ, ಇನ್ನೂ ಬೆಚ್ಚಗೆ. ವಡೋದರಾದಲ್ಲಿ ಒಂದು ಮನೆಯಿಂದ ಎರಡು ದಿನ ಬಿಡದೆ ಥೇಪ್ಲಾ ವಾಸನೆ ಬಂತೆಂದರೆ ಅಲ್ಲಿ ಯಾರೋ ಪರದೇಶಕ್ಕೆ ಹೊರಟಿದ್ದಾರೆ ಎಂದೇ ತಿಳಿಯಬೇಕು. ಈ ಸಲ ಹೊರಟಿರುವುದು ಪಕ್ಕದ ಮನೆಯ ಬಾ. ಬಾ ಎಂದರೆ ಗುಜರಾತಿಯಲ್ಲಿ ತಾಯಿ. ಅವರ ಮಕ್ಕಳಿಗಷ್ಟೇ ಅಲ್ಲ, ಇಡೀ ಓಣಿಗೆ ಅವರು ಬಾ. ಮಗ ನ್ಯೂಜೆರ್ಸಿಯಲ್ಲಿದ್ದಾನೆ, ಸೊಸೆಗೆ ಏಳು ತಿಂಗಳು. ಬಾಣಂತನ ಮುಗಿಸಿ ಬರುವ ಹೊತ್ತಿಗೆ ಐದು ತಿಂಗಳಾದರೂ ಆದೀತು.

"ಬೆನ್, ಥೇಪ್ಲಾ ತಿನ್ನು, ಆಮೇಲೆ ಇದನ್ನು ತೆಗೆದುಕೊಡು" ಎಂದು ಗೋಡೆಯಾಚೆಯಿಂದ ಫೋನ್ ಚಾಚಿದರು. ಇನ್ನೊಂದು ಕೈಯಲ್ಲಿ ಕಿವಿಯೋಲೆಯ ತಿರುಪು. ಸಿಮ್ ಹೊರತೆಗೆಯಲು.

ಸೂರತ್‌ನಲ್ಲಿರುವ ಅವರ ಅಣ್ಣನ ಮಗ ಹೇಳಿದ್ದನಂತೆ: ಸಿಮ್ ಮನೆಯಲ್ಲೇ ಬಿಟ್ಟು ಹೋಗಿ, ಇಲ್ಲದಿದ್ದರೆ ಅಲ್ಲಿ ಇಳಿಯುತ್ತಲೇ ಸಾವಿರಗಟ್ಟಲೆ ಬಿಲ್ಲು ಬರುತ್ತದೆ. ಹುಡುಗ ದಡ್ಡನಲ್ಲ. ವರಾಛಾದಲ್ಲಿ ವಜ್ರದ ದಲಾಲಿ ಮಾಡುತ್ತಾನೆ, ಹಾಂಗ್‌ಕಾಂಗ್‌ಗೆ ಹೋಗಿ ಬಂದು ರೂಢಿ. ಆದರೆ ಅವನು ಹೋಗುವುದು ನಾಲ್ಕು ದಿನಕ್ಕೆ. ಹಳೆಯ ನಂಬರಿನ ಫೋನನ್ನು ತಮ್ಮನ ಕೈಗೆ ಕೊಟ್ಟು ಹೋಗುತ್ತಾನೆ, ಲೆಕ್ಕಪತ್ರವೆಲ್ಲ ತಮ್ಮನೇ ನೋಡಿಕೊಳ್ಳುತ್ತಾನೆ. ಬಾಗೆ ಇರುವುದು ಒಂದೇ ನಂಬರು. ಪಿಂಚಣಿ, ಬ್ಯಾಂಕು, ಆಧಾರ್, ಗ್ಯಾಸ್ ಎಲ್ಲವೂ ಅದಕ್ಕೇ ಕಟ್ಟಿಕೊಂಡಿವೆ.

"ತೆಗೆಯಬೇಡಿ ಬಾ" ಎಂದೆ.

"ಯಾಕೆ? ನೀನೂ ತೆಗೆದೇ ಹೋಗಿದ್ದೆಯಲ್ಲ? ನಾನೂ ನಿನ್ನ ಕೈಗೇ ಕೊಟ್ಟು ಹೋಗುತ್ತೇನೆ."

ಹೌದು, ತೆಗೆದೇ ಹೋಗಿದ್ದೆ. ಮಗಳ ಮನೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಓಡಿಸಿದ ಗುಜರಾತಿಗಳಲ್ಲಿ ಬಹಳ ಮಂದಿ ಬಂದು ನೆಲೆಸಿದ ಊರು ಅದು. ಪಕ್ಕದ ಅಂಗಡಿಯಲ್ಲೇ ಗಾಂಠಿಯಾ ಸಿಗುತ್ತದೆ, ಇನ್ನು ಫೋನಿನದೇನು ಚಿಂತೆ ಎಂದುಕೊಂಡು ಸಿಮ್ಮನ್ನು ಕಾಗದದಲ್ಲಿ ಸುತ್ತಿ ಬೀರುವಿನಲ್ಲಿಟ್ಟು, ಮನೆಯ ಕೀಲಿಯನ್ನು ಬಾ ಕೈಗೆ ಕೊಟ್ಟು ವಿಮಾನ ಹತ್ತಿದ್ದೆ. ಮೂರನೆಯ ವಾರ ತವರೂರು ಧಾರವಾಡದಿಂದ ಸುದ್ದಿ ಬಂತು, ಅಣ್ಣನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ತಕ್ಷಣ ಹಣ ಕಟ್ಟಬೇಕು. ಖಾತೆಯಲ್ಲಿ ಹಣವಿತ್ತು. ಕೈಯಲ್ಲಿ ಫೋನೂ ಇತ್ತು. ಬ್ಯಾಂಕು ಓಟಿಪಿ ಕಳಿಸಿತು, ಅದು ಹೋಗಿದ್ದು ವಡೋದರಾದ ಬೀರುವಿಗೆ. ಲೆಸ್ಟರ್‌ನಲ್ಲಿ ರಾತ್ರಿ ಹನ್ನೊಂದು, ಇಲ್ಲಿ ಬೆಳಗಿನ ಜಾವ ಮೂರೂವರೆ. ಬಾ ಎದ್ದು, ಮೊಮ್ಮಗನನ್ನು ಎಬ್ಬಿಸಿ, ಟಾರ್ಚ್ ಹಿಡಿದು ನಮ್ಮ ಮನೆಯ ಬೀಗ ತೆಗೆದು, ಸೀರೆಗಳ ಕೆಳಗಿಂದ ಆ ಕಾಗದದ ಪೊಟ್ಟಣ ಹುಡುಕಿ, ಸಿಮ್ಮನ್ನು ತಮ್ಮ ಫೋನಿಗೆ ಹಾಕಿಸಿ, ಆರು ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದರು. ಓಟಿಪಿಯನ್ನು ಯಾರ ಕೈಗೂ ಕೊಡಬಾರದು, ನಿಜ. ಆ ರಾತ್ರಿ ಬೇರೆ ದಾರಿ ಇರಲಿಲ್ಲ. ಅಣ್ಣ ಈಗ ಆರಾಮಿದ್ದಾನೆ, ಆದರೆ ಆ ಋಣ ನನ್ನ ಎದೆಯಲ್ಲಿ ಹಾಗೇ ಕೂತಿದೆ.

"ನಿಮ್ಮ ವಯಸ್ಸಿನಲ್ಲಿ ನ್ಯೂಜೆರ್ಸಿಯಿಂದ ನನ್ನನ್ನು ಹಾಗೆ ಎಬ್ಬಿಸುವ ಪರಿಸ್ಥಿತಿ ಬರುವುದು ಬೇಡ" ಎಂದೆ. ಬಾ ತಿರುಪನ್ನು ಓಲೆಗೆ ಸೇರಿಸಿಕೊಂಡರು.

ಬಿಲ್ಲಿನ ಹೆದರಿಕೆ ಸುಳ್ಳಲ್ಲ. ಹೊರದೇಶದಲ್ಲಿ ನಮ್ಮ ಫೋನು ಅಲ್ಲಿಯ ಕಂಪನಿಯ ಟವರಿಗೆ ಅಂಟಿಕೊಳ್ಳುತ್ತದೆ, ಅವರು ನಮ್ಮ ಕಂಪನಿಗೆ ಲೆಕ್ಕ ಹಾಕುತ್ತಾರೆ, ನಮ್ಮವರು ನಮಗೆ. ನಾವು ಮುಟ್ಟದಿದ್ದರೂ ಫೋನು ತನ್ನಷ್ಟಕ್ಕೆ ಫೋಟೋ ಏರಿಸುತ್ತ, ಆ್ಯಪ್ ಹೊಸದು ಮಾಡಿಕೊಳ್ಳುತ್ತ ಡೇಟಾ ತಿನ್ನುತ್ತದೆ. ಬಿಲ್ಲು ಏರುವುದು ಹೆಚ್ಚಾಗಿ ಅದರಿಂದಲೇ. ಹಾಗಾಗಿ ಡೇಟಾ ರೋಮಿಂಗ್ ಮುಚ್ಚಿದರೆ ಸಾಕು, ಸಿಮ್ಮನ್ನೇ ಕೀಳಬೇಕಿಲ್ಲ. ಗೋಡೆಯ ಮೇಲೆ ಫೋನ್ ಇಟ್ಟು, ಕನ್ನಡಕ ಹಾಕಿಕೊಂಡು ಇಬ್ಬರೂ ಸೆಟ್ಟಿಂಗ್ಸ್ ತೆರೆದು ಅದನ್ನು ಮುಚ್ಚಿದೆವು. ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ಮಾತ್ರ ಹೊರಡುವ ಮೊದಲೇ ಇಲ್ಲಿಂದಲೇ ತೆರೆಸಿಕೊಳ್ಳಬೇಕು, ಆಗ ಓಟಿಪಿಯ ಎಸ್ಸೆಮ್ಮೆಸ್ ಅಲ್ಲಿಗೂ ಬರುತ್ತದೆ. ಬರುವ ಎಸ್ಸೆಮ್ಮೆಸ್ಸಿಗೆ ಸಾಮಾನ್ಯವಾಗಿ ದುಡ್ಡಿಲ್ಲ. ಕರೆ ಎತ್ತಿದರೆ ದುಡ್ಡು ಹೋಗುತ್ತದೆ, ಅದಕ್ಕೆ ಬಳಗದವರಿಗೆಲ್ಲ ವಾಟ್ಸಾಪಿನಲ್ಲೇ ಮಾತಾಡಿ ಎಂದು ಹೇಳಿಟ್ಟರಾಯಿತು. ಮಗನ ಮನೆಯಲ್ಲಿ ವೈಫೈ ಇದ್ದೇ ಇದೆ. ವಿಮಾನದೊಳಗೆ ಫ್ಲೈಟ್ ಮೋಡ್ ಬಿಡಬಾರದು. ಕೆಲವು ವಿಮಾನಗಳಲ್ಲಿ ಅವರದೇ ನೆಟ್‌ವರ್ಕ್ ಇರುತ್ತದೆ, ಫೋನು ಅದಕ್ಕೆ ಸಿಕ್ಕಿಕೊಂಡರೆ ದರ ಬಲು ದುಬಾರಿ.

ಬಾ ಕೇಳಿದ್ದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ರೀಚಾರ್ಜಿನ ಮಾತು. "ಐದು ತಿಂಗಳು ಇಲ್ಲಿರುವುದೇ ಇಲ್ಲ, ಸುಮ್ಮನೆ ಯಾಕೆ ರೀಚಾರ್ಜು?" ಪ್ರಿಪೇಯ್ಡ್ ನಂಬರನ್ನು 90 ದಿನ ಮುಟ್ಟದೆ ಬಿಟ್ಟರೆ ಕಂಪನಿ ಅದನ್ನು ರದ್ದು ಮಾಡಬಹುದು. ಆಮೇಲೆ ಅದು ಯಾರದೋ ಪಾಲಾಗುತ್ತದೆ. ಬಾ ಹೆಸರಿನ ಬ್ಯಾಂಕಿನ ಸಂದೇಶಗಳು ಗುರುತಿಲ್ಲದವರ ಕೈ ಸೇರುತ್ತವೆ. ಅದಕ್ಕೇ ಹೇಳಿದೆ, ಮನೆ ಖಾಲಿ ಇದ್ದರೂ ತೆರಿಗೆ ಕಟ್ಟುತ್ತೇವಲ್ಲ ಬಾ, ಇದೂ ಹಾಗೆಯೇ.

ಫೋನ್ ಬಿಲ್ಲಿನ ಈ ಹೆದರಿಕೆ ನಮ್ಮ ಓರಗೆಯವರಿಗೆ ಹೊಸದಲ್ಲ. ಮದುವೆಯಾಗಿ ಇಲ್ಲಿಗೆ ಬಂದ ಕಾಲಕ್ಕೆ ಧಾರವಾಡಕ್ಕೆ ಎಸ್‌ಟಿಡಿ ಮಾಡಲು ರಾತ್ರಿ ದರ ಇಳಿಯುವವರೆಗೆ ಕಾದು ಫತೇಗಂಜ್‌ನ ಬೂತಿನಲ್ಲಿ ಸಾಲು ನಿಲ್ಲುತ್ತಿದ್ದೆ. ಮೀಟರಿನ ಕೆಂಪು ಅಂಕಿ ಓಡುವುದನ್ನು ನೋಡುತ್ತ ಅವ್ವನ ಜೊತೆ ಮಾತಾಡಿದರೆ ಅರ್ಧ ಮಾತು ಗಂಟಲಲ್ಲೇ ಉಳಿಯುತ್ತಿತ್ತು. ಆ ಬೂತುಗಳು ದೇಶದ ತುಂಬ ಹಬ್ಬುವುದಕ್ಕೆ ದುಡಿದ ಸ್ಯಾಮ್ ಪಿತ್ರೋಡಾ ಭೌತಶಾಸ್ತ್ರ ಓದಿದ್ದು ಇದೇ ಊರಿನ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ. ಆಮೇಲೆ ಮೊಬೈಲು ಬಂತು. ಆಗಲೂ ಊರಿಂದ ಮರಳುವಾಗ ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಗುಜರಾತಿನ ಗಡಿಯ ವಾಪಿ ದಾಟುವವರೆಗೆ ಅವ್ವ ಫೋನ್ ಮಾಡಿದರೆ ರೋಮಿಂಗಿನಲ್ಲಿ ನನ್ನ ದುಡ್ಡು ಕರಗುತ್ತಿತ್ತು. "ಇಳದ್ ಮ್ಯಾಲ ಮಾಡ್ತೀನಿ ಬೇ, ಇಡು" ಎಂದು ಎಷ್ಟು ಸಲ ಅವಳ ಮಾತು ತುಂಡರಿಸಿದ್ದೇನೋ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು, ಆಮೇಲೆ ಉಳಿದವರೂ ದಾರಿಗೆ ಬಂದು, ದೇಶದೊಳಗಿನ ರೋಮಿಂಗ್ ದರ ಹೋಯಿತು. ಅಷ್ಟು ಹೊತ್ತಿಗೆ ಅವ್ವ ಇರಲಿಲ್ಲ.

ಬಾಗೆ ಇದನ್ನೆಲ್ಲ ಹೇಳಲಿಲ್ಲ. ನ್ಯೂಜೆರ್ಸಿಗೂ ನಮಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ, ಯಾವಾಗ ಬೇಕಾದರೂ ಮಾಡಿ, ನಾನು ಎತ್ತುತ್ತೇನೆ ಎಂದಷ್ಟೇ ಹೇಳಿದೆ. ನಾಳಿದ್ದು ಅಹಮದಾಬಾದ್‌ನಿಂದ ವಿಮಾನ, ನಡುವೆ ದೋಹಾದಲ್ಲಿ ಇನ್ನೊಂದು ಹತ್ತಬೇಕು. ಫೋನು ಸತ್ತರೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಒಳಗೆ ಹೋಗಿ ಒಂದು ಪುಟ್ಟ ಡೈರಿ ತಂದರು. ಮಗನ ನಂಬರು, ಸೂರತ್‌ನ ಹುಡುಗನ ನಂಬರು, ಡಾಕ್ಟರದು. ಎಲ್ಲಕ್ಕೂ ಅಲ್ಲಿಂದ ಮಾಡುವಾಗ ಮುಂದೆ ಏನು ಸೇರಿಸಬೇಕೆಂದು ಕೇಳಿ ಕೇಳಿ ತಿದ್ದಿಕೊಂಡರು. ಕಡೆಗೆ ಹೊಸ ಪುಟ ತಿರುಗಿಸಿ, ನನ್ನಿಂದ ನಂಬರು ಹೇಳಿಸಿಕೊಂಡು, ಪ್ಲಸ್ 91 ಹಾಕಿ ಗುಜರಾತಿ ಅಂಕಿಗಳಲ್ಲಿ ದೊಡ್ಡದಾಗಿ ಬರೆದರು. ಅದರ ಮೇಲೆ ಹೆಸರಿನ ಜಾಗದಲ್ಲಿ ಬರೆದದ್ದನ್ನು ಗೋಡೆಯ ಈಚೆಯಿಂದ ತಲೆಕೆಳಗಾಗಿಯೇ ಓದಿದೆ: ಬಾಜುವಾಳಾ ಬೆನ್. ಪಕ್ಕದ ಮನೆಯ ತಂಗಿ.