ಕುರ್ಚಿಯ ಸರದಿ

ಬೋಸ್ನಿಯಾದ ಯುದ್ಧವನ್ನು ನಿಲ್ಲಿಸಿದ 1995ರ ಡೇಟನ್ ಒಪ್ಪಂದವು ಬೋಸ್ನಿಯಾಕ್, ಸರ್ಬ್, ಕ್ರೊಯೇಟ್ ಜನಾಂಗಗಳಿಗೆ ಒಬ್ಬೊಬ್ಬರಂತೆ ಮೂವರು ಸದಸ್ಯರ ಅಧ್ಯಕ್ಷಪೀಠವನ್ನು ಕೊಟ್ಟಿತೆಂದೂ, ಅದರ ಮುಖ್ಯಸ್ಥಾನವು ಎಂಟು ತಿಂಗಳಿಗೊಮ್ಮೆ ಕೈಬದಲಾಗುತ್ತದೆಂದೂ ಅಳಿಯನು ವಿವರಿಸಿದಾಗ, ರಾರಾವಿ ಊರಿನ ಕಟ್ಟೆಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ ಮಾವನು ನಕ್ಕನು.

“ಅಷ್ಟಕ್ಕೆ ಯುದ್ಧವೇಕೆ? ನಮ್ಮ ಕಡೆ ಪಂಚಾಯಿತಿ ಅಧ್ಯಕ್ಷಗಾದಿಯ 30 ತಿಂಗಳನ್ನು ದೇವರ ಮುಂದೆ ಆಣೆಯಿಟ್ಟು ಹಂಚಿಕೊಳ್ಳುತ್ತಾರೆ.”

“ಆಣೆಯು ಸಂವಿಧಾನದಲ್ಲಿಲ್ಲ ಮಾವ, ಅಲ್ಲಿರುವುದು 243ಡಿ ವಿಧಿ, ಅಂದರೆ ಪರಿಶಿಷ್ಟರಿಗೂ ಮಹಿಳೆಯರಿಗೂ ಸರದಿಯ ಮೇಲೆ ಸ್ಥಾನ ಮೀಸಲಿಡುವ ನಿಯಮ.”

“ವಿಧಿಯು ಹೆಂಡತಿಗೆ ಕುರ್ಚಿಯನ್ನು ಕೊಟ್ಟರೆ, ಆಣೆಯ ಒಪ್ಪಂದವು ಗಂಡನಿಗೆ ಅವಳ ಮೊಬೈಲನ್ನು ಕೊಡುತ್ತದೆ.”

“ಮೊದಲಿನವರು ರಾಜೀನಾಮೆ ಕೊಡದಿದ್ದರೆ?”

“ಅವಿಶ್ವಾಸ ಮಂಡನೆ, ಅಲ್ಲಿಯವರೆಗೆ ಸದಸ್ಯರಿಗೆ ತೀರ್ಥಯಾತ್ರೆ.”

ಬೋಸ್ನಿಯಾದಲ್ಲಾದರೋ, ಆ ಮೂರು ಜನಾಂಗಗಳಿಗೆ ಸೇರದ ರೋಮಾ, ಯಹೂದಿಗಳನ್ನು ಅಧ್ಯಕ್ಷಪೀಠದಿಂದ ಹೊರಗಿಟ್ಟದ್ದು ತಾರತಮ್ಯವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2009ರಲ್ಲಿ ತೀರ್ಪಿತ್ತಿತು. ಬಾಯಿಮಾತಿನ ಒಪ್ಪಂದವನ್ನು ಪ್ರಶ್ನಿಸಲು ಮಾತ್ರ ಕಾಗದವೇ ಇರುವುದಿಲ್ಲ.