ಬಿಸಿಲೂರಿನ ಬಿಳಿ ಸೋಫಾ

ಸೇಡಂ, ಚಿತ್ತಾಪುರದ ಹೊಸ ಮನೆಗಳಿಗೆ ಈಗ ಸ್ವೀಡನ್ನಿನ ಗಾಳಿ ಬಡಿದಿದೆ. ಇನ್‌ಸ್ಟಾಗ್ರಾಂ ರೀಲ್ಸ್‌ನಲ್ಲಿ ಕಂಡ ಹಾಗೆ ಬಿಳಿ ಗೋಡೆ, ಬಿಳಿ ಸೋಫಾ, ತಿಳಿ ಬಣ್ಣದ ಮೇಜು, ಮೂಲೆಯಲ್ಲೊಂದು ಹಸಿರು ಕುಂಡ. 2018ರಲ್ಲಿ ಹೈದರಾಬಾದಿಗೆ ಸ್ವೀಡನ್ನಿನ ಐಕಿಯಾ ಪೀಠೋಪಕರಣದ ಅಂಗಡಿ ಬಂದ ಮೇಲಂತೂ ಕೇಳುವುದೇ ಬೇಡ. ರೈಲು ಹತ್ತಿದರೆ ಸಾಕು, ಸ್ಕ್ಯಾಂಡಿನೇವಿಯಾ ಸಿಕ್ಕೇಬಿಡುತ್ತದೆ.

ಸ್ವೀಡನ್ನಿನವರು ಗೋಡೆಗೆ ಬಿಳಿ ಬಳಿಯುವುದಕ್ಕೆ ಕಾರಣವಿದೆ. ಡಿಸೆಂಬರಿನ ಸ್ಟಾಕ್‌ಹೋಮ್‌ನಲ್ಲಿ ಹಗಲೆಂದರೆ ಸುಮಾರು ಆರು ತಾಸು. ಸೂರ್ಯನನ್ನು ಅಂಗಲಾಚಿ ಮನೆಗೆ ಕರೆಯಬೇಕು. ನಮ್ಮಲ್ಲಿ ಮೇ ತಿಂಗಳಿನಲ್ಲಿ 40 ಡಿಗ್ರಿ ದಾಟಿಸುವ ಅದೇ ಸೂರ್ಯ ಕರೆಯದೇ ಬಂದು ಪಡಸಾಲೆಯಲ್ಲಿ ಕೂರುತ್ತಾನೆ. ಅವನನ್ನು ಹೊರಗಿಡಲೆಂದೇ ಹಿರಿಯರು ದಪ್ಪ ಕಲ್ಲಿನ ಗೋಡೆ ಎಬ್ಬಿಸಿ, ಸಣ್ಣ ಕಿಟಕಿ ಇಟ್ಟರು.

ವಾಡಿಯಲ್ಲಿ ಬಿಳಿ ಸೋಫಾ ಕೊಳ್ಳುವುದು ಇನ್ನೂ ದೊಡ್ಡ ಸಾಹಸ. ಸಿಮೆಂಟ್ ಊರಿನ ದೂಳು ಅದನ್ನು ಬೇಗನೆ ಬೂದು ಮಾಡುತ್ತದೆ. ಚಿಂತೆಯಿಲ್ಲ, ಬೂದು ಬಣ್ಣವೂ ಸ್ಕ್ಯಾಂಡಿನೇವಿಯನ್ನೇ!

ಚಿಂಚೋಳಿಯಿಂದ ಬಂದ ಅಜ್ಜಿ ಖಾಲಿ ಮನೆ ನೋಡಿ, “ಯಾಕವ್ವಾ, ಸಾಮಾನೆಲ್ಲ ಮಾರಿದ್ರೇನು?” ಅಂದಾಳು. ಮಾರುವುದೆಲ್ಲಿ? ತೊಗರಿ ಚೀಲ, ಜೋಳದ ಡಬ್ಬಿ, ಕೌದಿಯ ಗಂಟು ಎಲ್ಲ ಕ್ಯಾಮೆರಾ ಕಾಣದ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತವೆ. ವಿಡಿಯೊ ಮುಗಿಯುವವರೆಗೆ ಮಕ್ಕಳೂ ಅಲ್ಲೇ.

ಸರಳ ಮನೆಯ ಸುಖ ಬೇಕೆನ್ನುವವರಿಗೆ ನನ್ನದೊಂದೇ ಮಾತು: ಶಹಾಬಾದ್ ಕಲ್ಲಿನ ನೆಲ ಒರೆಸಿ, ಮಧ್ಯಾಹ್ನ ಅದರ ಮೇಲೆ ಉರುಳಿಕೊಳ್ಳಿ. ಆ ಸುಖದ ರೀಲ್ಸ್ ಮಾತ್ರ ಎಲ್ಲೂ ಸಿಗದು. ಮಾಡಬೇಕಾದವರಿಗೆ ಅಷ್ಟರಲ್ಲಿ ನಿದ್ದೆ ಹತ್ತಿರುತ್ತದೆ.