ಅನೃತಶಾಸ್ತ್ರ: ಬೂಸ್ಟ್ ಕಂಟ್ರೋಲರಿನ ಭೇದೋಪಭೇದಗಳು

ಟರ್ಬೊ ಕಾರಿನ ಒಡೆಯರಿಗೆಲ್ಲ ಒಂದಲ್ಲ ಒಂದು ದಿನ ಹುಟ್ಟುವ ದುರಾಸೆಯೊಂದನ್ನು ಶಾಸ್ತ್ರಮುಖೇನ ವಿಚಾರಿಸುವುದು ಈ ಪ್ರಕರಣದ ಉದ್ದೇಶ. ಪದ್ಧತಿಯಂತೆ ಅನುಬಂಧ ಚತುಷ್ಟಯ ಮೊದಲು. ವಿಷಯ: ಮ್ಯಾನ್ಯುಯಲ್ ಬೂಸ್ಟ್ ಕಂಟ್ರೋಲರ್, ಅಂದರೆ ಹಿತ್ತಾಳೆಯದೋ ಅಲ್ಯೂಮಿನಿಯಮಿನದೋ ಒಂದು ಸಣ್ಣ ತುಂಡು, ಅದರ ತಲೆಗೊಂದು ನಾಬು. ಪ್ರಯೋಜನ: ಕಾರು ಮಾಡಿದವರು ಸಾಕೆಂದ ಮೇಲೂ ಇನ್ನಷ್ಟು ಗಾಳಿಯ ಒತ್ತಡ, ಅಂದರೆ ಬೂಸ್ಟ್. ಸಂಬಂಧ: ಎರಡು ತುಂಡು ಹೋಸು. ಅಧಿಕಾರಿ ಯಾರೆಂಬಲ್ಲಿ ಮಾತ್ರ ಭಿನ್ನಮತವಿದೆ. ಆಸೆಯುಳ್ಳವನೇ ಅಧಿಕಾರಿ ಎಂಬುದು ಮಾರುವವರ ಮತ. ಗೇಜ್ ಉಳ್ಳವನೇ ಅಧಿಕಾರಿ ಎಂಬುದು ಮೇಸ್ತ್ರಿಗಳ ಮತ. ನಾವು ಮೇಸ್ತ್ರಿಗಳ ಪಕ್ಷ. ಬೂಸ್ಟ್ ಗೇಜ್ ಕೂರಿಸದೆ ಕಂಟ್ರೋಲರ್ ಕೊಳ್ಳಹೊರಟವನು ಗ್ರಂಥವನ್ನು ಇಲ್ಲಿಗೇ ಮುಚ್ಚಬಹುದು.

ಇನ್ನು ವಸ್ತುಸ್ವರೂಪ. ಎಂಜಿನ್ ಉಗುಳಿದ ಬಿಸಿ ಹೊಗೆಯಿಂದಲೇ ಟರ್ಬೈನ್ ಎಂಬ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಕಂಪ್ರೆಸರ್ ಚಕ್ರದಿಂದ ಎಂಜಿನ್ನಿಗೆ ಗಾಳಿ ತುರುಕುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ. ಗಾಳಿ ಹೆಚ್ಚಿದರೆ ಹೊಗೆ ಹೆಚ್ಚು, ಹೊಗೆ ಹೆಚ್ಚಿದರೆ ಗಾಳಿ ಇನ್ನೂ ಹೆಚ್ಚು. ಈ ಅನವಸ್ಥಾದೋಷವನ್ನು ಪರಿಹರಿಸಲೆಂದೇ ವೇಸ್ಟ್‌ಗೇಟ್ ಎಂಬ ಕಿಟಕಿ. ಅದು ತೆರೆದರೆ ಹೊಗೆ ಟರ್ಬೈನನ್ನು ಮುಟ್ಟದೆ ಪಕ್ಕದಿಂದ ಹೊರಟುಹೋಗುತ್ತದೆ. ಕಿಟಕಿ ತೆಗೆಯುವ ಕೆಲಸ ಆಕ್ಚುಯೇಟರಿನದು: ಒಂದು ತಗಡಿನ ಡಬ್ಬಿ, ಒಳಗೆ ಡಯಾಫ್ರಾಮ್, ಅದನ್ನು ಹಿಂದಕ್ಕೆ ಒತ್ತುವ ಸ್ಪ್ರಿಂಗು, ಹೊರಗೊಂದು ಕಡ್ಡಿ. ಕಂಪ್ರೆಸರಿನಿಂದ ಬರುವ ತೆಳ್ಳನೆಯ ಹೋಸಿನ ಒತ್ತಡ ಸ್ಪ್ರಿಂಗನ್ನು ಸೋಲಿಸಿದರೆ ಕಡ್ಡಿ ಮುಂದೆ ಸರಿದು ಕಿಟಕಿ ತೆರೆಯುತ್ತದೆ.

ಇಲ್ಲೇ ಶಾಸ್ತ್ರದ ಮರ್ಮವಿದೆ. ಆಕ್ಚುಯೇಟರ್ ಕುರುಡು. ಎಂಜಿನ್ನಿನಲ್ಲಿ ಏನು ನಡೆದಿದೆಯೆಂದು ಅದು ಕಂಡದ್ದಿಲ್ಲ. ಹೋಸಿನಲ್ಲಿ ಬಂದ ಸುದ್ದಿಯೇ ಅದಕ್ಕೆ ಪ್ರಮಾಣ. ಆದ್ದರಿಂದ ಸಿದ್ಧಾಂತ: ಬೂಸ್ಟ್ ಕಂಟ್ರೋಲರ್ ಒತ್ತಡವನ್ನು ಉಂಟುಮಾಡುವುದಿಲ್ಲ, ಒತ್ತಡದ ವಿಷಯದಲ್ಲಿ ಸುಳ್ಳು ಹೇಳುತ್ತದೆ. ಅದೂ ಒಂದೇ ದಿಕ್ಕಿನ ಸುಳ್ಳು. ಇರುವುದನ್ನು ಕಡಿಮೆ ಮಾಡಿ ಹೇಳಬಲ್ಲದೇ ಹೊರತು ಹೆಚ್ಚು ಮಾಡಿ ಹೇಳಲಾರದು. ಆಕ್ಚುಯೇಟರಿನ ಸ್ಪ್ರಿಂಗು 0.5 ಬಾರಿನದಾದರೆ, ಕಂಟ್ರೋಲರಿನಿಂದ ಬೂಸ್ಟನ್ನು ಅದಕ್ಕಿಂತ ಕೆಳಗೆ ಇಳಿಸುವುದು ಬ್ರಹ್ಮನಿಂದಲೂ ಆಗದು.

ಇಲ್ಲಿ ಪೂರ್ವಪಕ್ಷ: ಇದೇನು ಮಹಾ, ಕುಕ್ಕರಿನ ವೆಯ್ಟ್ ಇದ್ದಹಾಗೆ, ಒತ್ತಡ ಮೀರಿದರೆ ಎದ್ದು ಬಿಡುತ್ತದೆ. ಸಲ್ಲದು. ವೆಯ್ಟ್ ಎದ್ದರೆ ಹೊರಬೀಳುವುದು ಸಾಕ್ಷಾತ್ ಹಬೆ. ಇಲ್ಲಿ ಕಂಟ್ರೋಲರ್ ಬಿಡುವುದು ಬರಿಯ ಸಮಾಚಾರವನ್ನು. ಅದು ಕೆಟ್ಟು ಕೂತರೆ ಸಮಾಚಾರ ನಿಲ್ಲುತ್ತದೆ, ಗಾಳಿ ನಿಲ್ಲುವುದಿಲ್ಲ.

ಹೀಗಾಗಿ ಕಂಟ್ರೋಲರುಗಳನ್ನು ಲೋಹ, ಬಣ್ಣ, ಬೆಲೆಗಳಿಂದ ವಿಂಗಡಿಸುವುದು ಬಾಲಿಶ. ಸುಳ್ಳಿನ ಜಾತಿಯಿಂದ ವಿಂಗಡಿಸಬೇಕು.

ಅತ್ಯಂತ ಪ್ರಾಚೀನವಾದದ್ದು ಮೌನ. ಹೋಸನ್ನು ಕಿತ್ತುಬಿಡುವುದು, ಅಥವಾ ಕಿಟಕಿಯನ್ನೇ ಮುಚ್ಚಿಬಿಡುವುದು. ಇದಕ್ಕೆ ಖರ್ಚಿಲ್ಲ, ಮಿತಿಯೂ ಇಲ್ಲ. 1980ರ ದಶಕದ ಫಾರ್ಮುಲಾ ಒನ್‌ನಲ್ಲಿ ಕೆಲವರು ಅರ್ಹತಾ ಸುತ್ತಿಗೆಂದು ವೇಸ್ಟ್‌ಗೇಟ್ ಮುಚ್ಚಿ ಓಡಿಸುತ್ತಿದ್ದರು. ಎಂಜಿನ್ ಕೆಲವು ಸುತ್ತು ಬದುಕಿದರೆ ಸಾಕಿತ್ತು, ಮರುದಿನದ ರೇಸಿಗೆ ಬೇರೆಯದು ಬರುತ್ತಿತ್ತು. ಕೊನೆಗೆ ಅಧಿಕಾರಿಗಳು 1987ರಲ್ಲಿ 4 ಬಾರಿಗೆ, 1988ರಲ್ಲಿ 2.5 ಬಾರಿಗೆ ಗಂಟು ಹಾಕಿ, 1989ರಿಂದ ಟರ್ಬೊವನ್ನೇ ಹೊರಗಿಟ್ಟರು. ಮರುದಿನ ಬೇರೆ ಎಂಜಿನ್ ತರಿಸಲಾಗದವರು ಈ ಮಾರ್ಗಕ್ಕೆ ಅಧಿಕಾರಿಗಳಲ್ಲ.

ಎರಡನೆಯದು ಸ್ರಾವಕ ಜಾತಿ, ಗ್ಯಾರೇಜಿನ ಮಾತಿನಲ್ಲಿ ಬ್ಲೀಡ್ ವಾಲ್ವ್. ಹೋಸಿನ ನಡುವೆ ಒಂದು ಟೀ ಆಕಾರದ ಕವಲು ಕೂರಿಸಿ, ಸೂಜಿ ವಾಲ್ವಿನಿಂದ ಸ್ವಲ್ಪ ಗಾಳಿ ಸೋರಿಸಿದರೆ ಆಕ್ಚುಯೇಟರಿಗೆ ಮುಟ್ಟುವುದು ಅರ್ಧಸತ್ಯ. ಧರ್ಮರಾಯ ದ್ರೋಣರಿಗೆ ಅಶ್ವತ್ಥಾಮನ ಸುದ್ದಿ ಹೇಳುವಾಗ ಆನೆಯ ಪಾಲು ಶಂಖದ ಸದ್ದಿನಲ್ಲಿ ಸೋರಿಹೋದದ್ದು ಇದೇ ಕ್ರಮದಲ್ಲಿ. ಅಗ್ಗ, ಸರಳ. ದೋಷವೇನೆಂದರೆ, ಅರ್ಧವಾದರೂ ಸುದ್ದಿ ಮೊದಲಿನಿಂದಲೇ ತಲಪುತ್ತಿರುವುದರಿಂದ ಕಿಟಕಿ ಬೇಗನೆ ಸಡಿಲಗೊಳ್ಳುತ್ತದೆ, ಟರ್ಬೊ ಏಳಲು ತಡಮಾಡುತ್ತದೆ.

ಮೂರನೆಯದು ಗೋಲಕ ಜಾತಿ: ಒಂದು ಗುಂಡು, ಅದನ್ನು ದ್ವಾರಕ್ಕೆ ಒತ್ತಿ ಹಿಡಿದ ಸ್ಪ್ರಿಂಗು. ಒತ್ತಡ ಗೊತ್ತುಮಾಡಿದ ಮಟ್ಟ ಮುಟ್ಟುವವರೆಗೆ ಒಂದು ಮಾತೂ ದಾಟುವುದಿಲ್ಲ. ಮುಟ್ಟಿದೊಡನೆ ಗುಂಡು ಎದ್ದು ಸತ್ಯವೆಲ್ಲ ಒಮ್ಮೆಲೆ ಹರಿಯುತ್ತದೆ. ಇದು ವಿಳಂಬರೂಪದ ಸುಳ್ಳು. ಅಷ್ಟು ಹೊತ್ತೂ ಕಿಟಕಿ ಬಿಗಿಯಾಗಿ ಮುಚ್ಚಿರುವುದರಿಂದ ಟರ್ಬೊ ಚುರುಕಾಗಿ ಏಳುತ್ತದೆ. ಅಮೆರಿಕದ ಹವ್ಯಾಸಿಗಳು ಹಾರ್ಡ್‌ವೇರ್ ಅಂಗಡಿಯ ಹಿತ್ತಾಳೆ ಫಿಟ್ಟಿಂಗಿಗೆ ಬಾಲ್‌ಪೆನ್ನಿನ ಸ್ಪ್ರಿಂಗು ತುರುಕಿ ಇದನ್ನು ಮನೆಯಲ್ಲೇ ಮಾಡಿಕೊಂಡದ್ದುಂಟು. ಕೊಳ್ಳುವಾಗ ಪರೀಕ್ಷಿಸಬೇಕಾದ ಮುಖ್ಯ ಲಕ್ಷಣ ಒಂದೇ: ಗುಂಡಿನ ಆಚೆ, ಆಕ್ಚುಯೇಟರಿನ ಕಡೆಗೆ, ಸೂಜಿಮೊನೆಯಷ್ಟು ರಂಧ್ರವಿರಬೇಕು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಡಬ್ಬಿಯೊಳಗೆ ಸಿಕ್ಕಿಬಿದ್ದ ಗಾಳಿ ಹೊರಬರಲು ಬೇರೆ ದಾರಿಯಿಲ್ಲ. ಸಾಮಾನ್ಯ ಕಾರಿಗೆ ಯಾವುದೆಂದು ಕೇಳಿದರೆ ನಮ್ಮ ತೀರ್ಪು ಗೋಲಕದ ಕಡೆಗೇ.

ನಾಲ್ಕನೆಯದು ರಾಜಾಶ್ರಯದ ಸುಳ್ಳು. ಹಳೆಯ ಆಕ್ಟೇವಿಯಾ ಆರ್‌ಎಸ್‌ನಂಥ ಕಾರುಗಳಲ್ಲಿ ಎನ್‌75 ಎಂಬ ವಿದ್ಯುತ್ ವಾಲ್ವನ್ನು ಕಾರಿನ ಕಂಪ್ಯೂಟರೇ ನೇಮಿಸಿಕೊಂಡಿರುತ್ತದೆ. ಮನೆಯಲ್ಲಿ ಸಂಬಳದ ಸುಳ್ಳುಗಾರನಿರುವಾಗ ಹೊರಗಿನಿಂದ ಇನ್ನೊಬ್ಬನನ್ನು ಕರೆತಂದರೆ ಇಬ್ಬರ ಹೇಳಿಕೆ ತಾಳೆಯಾಗುವುದಿಲ್ಲ. ಈಚಿನ ಕಾರುಗಳು ಅನುಮಾನ ಬಂದೊಡನೆ ಲಿಂಪ್ ಮೋಡಿಗೆ, ಅಂದರೆ ಶಕ್ತಿ ತಗ್ಗಿಸಿಕೊಂಡ ಸ್ಥಿತಿಗೆ, ಹೋಗಿ ಮಲಗುತ್ತವೆ. ಇನ್ನು ರೆಕ್ಕೆಗಳ ಓರೆ ಬದಲಿಸಿ ಒತ್ತಡ ಹೊಂದಿಸುವ ಡೀಸೆಲ್ ಟರ್ಬೊಗಳಿಗೆ ವೇಸ್ಟ್‌ಗೇಟೇ ಇರುವುದಿಲ್ಲ. ಕಿವಿಯೇ ಇಲ್ಲದವರಿಗೆ ಸುಳ್ಳು ಹೇಳುವ ವಿಧಾನ ನಮ್ಮ ಶಾಸ್ತ್ರದಲ್ಲಿಲ್ಲ.

ಪ್ರತಿಷ್ಠಾಪನ ವಿಧಿ. ಎಂಜಿನ್ ತಣ್ಣಗಿರಬೇಕು. ಸುದ್ದಿಯನ್ನು ಕಂಪ್ರೆಸರಿನ ಬಾಯಿಂದಲೇ ತೆಗೆದುಕೊಳ್ಳಬೇಕು. ಇಂಟೇಕ್ ಮ್ಯಾನಿಫೋಲ್ಡಿನಿಂದ ತೆಗೆದುಕೊಂಡರೆ, ಗಾಳಿ ತಣಿಸುವ ಇಂಟರ್‌ಕೂಲರಿನಲ್ಲಿ ಒತ್ತಡ ಒಂದಿಷ್ಟು ಕಳೆದಿರುವುದರಿಂದ, ಸುಳ್ಳಿನ ಮೇಲೆ ಸುಳ್ಳಾಗುತ್ತದೆ. ಬಾಣದ ಗುರುತು ಆಕ್ಚುಯೇಟರಿನ ಕಡೆಗೆ. ಗೋಲಕವನ್ನು ತಿರುಗುಮುರುಗಾಗಿ ಕೂರಿಸಿದರೆ ಗುಂಡು ಏಳುವುದೇ ಇಲ್ಲ, ಕಾರು ತಿಳಿಯದೆ ಮೌನಮಾರ್ಗಕ್ಕೆ ಸೇರುತ್ತದೆ. ಹೋಸು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ನಾಬನ್ನು ಡ್ಯಾಶ್‌ಬೋರ್ಡಿಗೆ ತರುವ ಶೋಕಿಯಿದೆಯಲ್ಲ, ಅದರಿಂದ ಸುದ್ದಿ ದೂರ ನಡೆದು ಬರಬೇಕಾಗಿ ಒತ್ತಡ ಮೊದಲು ಜಿಗಿದು ಆಮೇಲೆ ಇಳಿಯುತ್ತದೆ. ಅಲ್ಲದೆ ಕೈಗೆ ಸಿಗುವ ನಾಬನ್ನು ಸುಮ್ಮನೆ ಬಿಡುವ ಜೀವಿಯನ್ನು ಶಾಸ್ತ್ರಕಾರರು ಇನ್ನೂ ಕಂಡಿಲ್ಲ. ಹೋಸಿನ ತುದಿಗಳಿಗೆ ಕ್ಲಿಪ್ಪೋ ಜಿಪ್ ಟೈಯೋ ಎಂಬ ವಿವಾದ ಹಳೆಯದು. ಕಳಚಿಕೊಳ್ಳದಿದ್ದರೆ ಎರಡೂ ಸರಿ.

ಹೊಂದಿಸುವುದು ಅತಿ ಕೆಳಗಿನ ಮಟ್ಟದಿಂದ, ಒಂದು ಸಲಕ್ಕೆ ಕಾಲು ಸುತ್ತು, ಡೈನೊ ಮೇಲೆ ಅಥವಾ ಟ್ರ್ಯಾಕಿನಲ್ಲಿ. ಕೆಳಗಿನ ಗೇರಿನಲ್ಲಿ ಟರ್ಬೊ ಪೂರ್ತಿ ಬಾಯಿಬಿಡುವುದಿಲ್ಲವಾದ್ದರಿಂದ ಮೇಲಿನ ಗೇರಿನಲ್ಲಿ ನೋಡಬೇಕು. ಗೇಜಿನ ಮುಳ್ಳಿನ ಜೊತೆಗೆ ನಾಕಿಂಗಿಗೂ, ಅಂದರೆ ಎಂಜಿನ್ನಿನೊಳಗಿನ ಕಟಕಟ ಸದ್ದಿಗೂ, ಕಿವಿಗೊಡಬೇಕು. ಗಾಳಿ ಹೆಚ್ಚಿದಷ್ಟು ಇಂಜೆಕ್ಟರುಗಳಿಂದ ಪೆಟ್ರೋಲು ಬರದಿದ್ದರೆ ಪಿಸ್ಟನ್ನು ತೂತಾಗುತ್ತದೆ. ಆಕ್ಚುಯೇಟರಿಗೆ ಹೇಳಿದ ಸುಳ್ಳನ್ನು ಪಿಸ್ಟನ್ ನಂಬುವುದಿಲ್ಲ. ಮಾಮೂಲಿ ಪೆಟ್ರೋಲಿಗೆ ಹೊಂದಿಸಿದ್ದು ಒಂದು, ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ತಂದ ಹೆಚ್ಚು ಆಕ್ಟೇನಿನ ಎಕ್ಸ್‌ಪಿ100ಕ್ಕೆ ಹೊಂದಿಸಿದ್ದು ಇನ್ನೊಂದು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನೂ ವಿಮೆಯ ಕರಾರನ್ನೂ ನಾಬು ಮುಟ್ಟುವ ಮುಂಚೆಯೇ ಓದಿಕೊಳ್ಳುವುದು ಕ್ಷೇಮ.

ಜಾತಿ ಬದಲಿಸಿದವರು ಎಡವುವುದು ಇಲ್ಲಿ: ಗೋಲಕದಲ್ಲಿ ಸಾಮಾನ್ಯವಾಗಿ ಬಲಕ್ಕೆ ಬಿಗಿದರೆ ಬೂಸ್ಟ್ ಏರುತ್ತದೆ, ಸ್ರಾವಕದಲ್ಲಿ ಎಡಕ್ಕೆ ಸಡಿಲಿಸಿದರೆ ಏರುತ್ತದೆ.

ಕೊನೆಯದಾಗಿ ದೇಶಭೇದ. ಆಕ್ಚುಯೇಟರೂ ಕಂಟ್ರೋಲರೂ ಒತ್ತಡವನ್ನು ಅಳೆಯುವುದು ಸುತ್ತಲ ಗಾಳಿಗೆ ಹೋಲಿಸಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಸುತ್ತಲ ಒತ್ತಡ ಸುಮಾರು 0.91 ಬಾರ್, 0.7 ಬಾರಿಗೆ ಹೊಂದಿಸಿದರೆ ಎಂಜಿನ್ನಿಗೆ ಸಿಗುವುದು ಒಟ್ಟು 1.61. ಅದೇ ಕಾರು ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟಿದರೆ, ನಾಬನ್ನು ಯಾರೂ ಮುಟ್ಟದಿದ್ದರೂ, ಒಟ್ಟು 1.71. ಕರಾವಳಿಯ ಬಿಸಿ ಗಾಳಿ ನಾಕಿಂಗಿಗೆ ಇನ್ನಷ್ಟು ಕುಮ್ಮಕ್ಕು. ಕಂಪ್ಯೂಟರಿನ ಸೆನ್ಸರ್ ನೋಡುವುದು ಈ ಒಟ್ಟು ಮೊತ್ತವನ್ನಾದರೆ, ಬೆಂಗಳೂರಿನಲ್ಲಿ ಕಂಪ್ಯೂಟರು ಪೆಟ್ರೋಲು ನಿಲ್ಲಿಸುವ ಫ್ಯುಯಲ್ ಕಟ್ ಮಟ್ಟಕ್ಕಿಂತ ಕೂದಲೆಳೆ ಕೆಳಗೆ ಹೊಂದಿಸಿಕೊಂಡವನ ಕಾರು ಬಂಟ್ವಾಳದ ಆಸುಪಾಸಿನಲ್ಲಿ ಮುಗ್ಗರಿಸತೊಡಗುತ್ತದೆ. ಆದ್ದರಿಂದ ಘಾಟಿ ಇಳಿಯುವವರು ಸಕಲೇಶಪುರದಲ್ಲಿ ತಿಂಡಿಗೆ ನಿಂತಾಗಲೇ ಬಾನೆಟ್ ಎತ್ತಿ ನಾಬನ್ನು ಕಾಲು ಸುತ್ತು ತಿರುಗಿಸಿ ಲಾಕ್ ನಟ್ ಬಿಗಿಯತಕ್ಕದ್ದು: ಗೋಲಕವಾದರೆ ಎಡಕ್ಕೆ, ಸ್ರಾವಕವಾದರೆ ಬಲಕ್ಕೆ.